ವಿಂಡೋಸ್ 11 ಅಪ್‌ಡೇಟ್ ಆದ ಮೇಲೆ ಸೌಂಡ್ ಬರ್ತಿಲ್ಲ, ಒಂದು ಸಾಫ್ಟ್‌ವೇರ್ ಓಪನ್ ಆಗ್ತಿಲ್ಲ. ಏನು ಮಾಡಲಿ?

ಮೊದಲು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಸಿಸ್ಟಮ್‌ನ ಒಳಭಾಗ ಪೂರ್ತಿ ಬಂದ್ ಆಗುವುದಿಲ್ಲ, ಹಳೆಯ ಸ್ಥಿತಿಯನ್ನೇ ಡಿಸ್ಕ್‌ನಲ್ಲಿ ಉಳಿಸಿಟ್ಟು ಮತ್ತೆ ಎತ್ತಿಕೊಳ್ಳುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಸೌಂಡ್ ಹೋಗಿದ್ದರೆ ನನ್ನ ಅನುಮಾನ ಡ್ರೈವರ್ (ಸ್ಪೀಕರ್‌ನಂಥ ಸಾಧನಗಳನ್ನು ವಿಂಡೋಸ್ ಜೊತೆ ಜೋಡಿಸುವ ಸಾಫ್ಟ್‌ವೇರ್) ಮೇಲೆ. ಅಪ್‌ಡೇಟ್ ಕೆಲವೊಮ್ಮೆ ಅದನ್ನೂ ಬದಲಿಸುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ (ಕಂಪ್ಯೂಟರ್‌ನ ಸಾಧನಗಳ ಪಟ್ಟಿ ತೋರಿಸುವ ವಿಂಡೋಸ್ ಟೂಲ್) ಆಡಿಯೋ ಸಾಧನದ ಪ್ರಾಪರ್ಟೀಸ್ ತೆರೆಯಿರಿ. ಡ್ರೈವರ್ ಟ್ಯಾಬ್‌ನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ. ಆ ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ. ಆಗ ಲ್ಯಾಪ್‌ಟಾಪ್ ತಯಾರಕರ ಸೈಟ್‌ನಿಂದ ಡೌನ್‌ಲೋಡ್ ಮಾಡಿಕೊಳ್ಳಿ. ಸುಮ್ನೆ 'ಡ್ರೈವರ್ ಅಪ್‌ಡೇಟರ್' ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ, ಅವುಗಳಿಂದ ತಲೆನೋವೇ ಜಾಸ್ತಿ.

ಓಪನ್ ಆಗದ ಸಾಫ್ಟ್‌ವೇರ್‌ಗೆ ಹೊಸ ಆವೃತ್ತಿ ಬಂದಿದೆಯಾ ನೋಡಿ. ಇಲ್ಲವಾದರೆ ರಿಪೇರ್ ಅಥವಾ ಮರು ಇನ್‌ಸ್ಟಾಲ್.

ಯಾವುದೂ ಕೆಲಸ ಮಾಡಲಿಲ್ಲವೇ? ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ, ಅಪ್‌ಡೇಟ್ ಹಿಸ್ಟರಿಯ ಕೆಳಗಿರುವ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್'ನಿಂದ ಇತ್ತೀಚಿನದನ್ನು ತೆಗೆಯಿರಿ. ದೊಡ್ಡ ವಾರ್ಷಿಕ ಅಪ್‌ಡೇಟ್ ಆಗಿದ್ದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಹಳೆಯ ಆವೃತ್ತಿಗೆ ಮರಳುವ 'ಗೋ ಬ್ಯಾಕ್' ಸಿಗಬಹುದು. ಅದಕ್ಕೆ ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ, ಹಾಗಾಗಿ ತಡಮಾಡಬೇಡಿ. ಫೈಲ್‌ಗಳ ಬ್ಯಾಕಪ್ ಮೊದಲೇ ತೆಗೆದಿಡಿ. ಅಪ್‌ಡೇಟ್ ತೆಗೆದ ಮೇಲೆ ವಿಂಡೋಸ್ ಅಪ್‌ಡೇಟ್‌ನಲ್ಲಿ 'ಪಾಜ್' (Pause) ಕೊಟ್ಟು ಅಪ್‌ಡೇಟ್‌ಗಳನ್ನು ಸ್ವಲ್ಪ ದಿನ ತಡೆಹಿಡಿಯಿರಿ, ಇಲ್ಲದಿದ್ದರೆ ಅದೇ ಅಪ್‌ಡೇಟ್ ರಾತ್ರೋರಾತ್ರಿ ಮತ್ತೆ ಬಂದು ಕೂರುತ್ತದೆ. ಆದರೆ ತಿಂಗಳುಗಟ್ಟಲೆ ನಿಲ್ಲಿಸಿಡಬೇಡಿ, ಸೆಕ್ಯೂರಿಟಿ ತಿದ್ದುಪಡಿಗಳೂ ಅದರಲ್ಲೇ ಬರುತ್ತವೆ ಅಲ್ವಾ.