ಮೂರು ಸುತ್ತಿನ ಜಾಯಿಕಾಯಿ

(ಸಲಹಾರ್ಥಿಯ ಗುರುತು ಸಿಗದಂತೆ ವಯಸ್ಸು, ಊರು ಹಾಗೂ ಕೌಟುಂಬಿಕ ವಿವರಗಳನ್ನು ಬದಲಿಸಲಾಗಿದೆ.)

ಮಲೆನಾಡಿನ ಅಡಿಕೆ ಕೃಷಿಕ ಕುಟುಂಬದ, ಐವತ್ತೈದರ ಆಸುಪಾಸಿನ ಗೃಹಿಣಿಯೊಬ್ಬರು ಒಂದೂವರೆ ವರ್ಷದಿಂದ ಸರಿಯಾಗಿ ನಿದ್ರೆಯಿಲ್ಲವೆಂದು ನನ್ನಲ್ಲಿಗೆ ಬಂದರು. ನಿದ್ರೆ ಮಾತ್ರೆ ಒಮ್ಮೆ ಶುರುವಾದರೆ ಬಿಡಲಾಗದು ಎಂಬ ಭಯದಿಂದ ಅವರು ವೈದ್ಯರ ಬಳಿ ಈ ವಿಷಯವನ್ನೇ ಎತ್ತಿರಲಿಲ್ಲ. ಬೇರೆ ಔಷಧಿಗಳೇನಾದರೂ ಇವೆಯೇ ಎಂದು ಕೇಳಿದಾಗ ಇಲ್ಲವೆಂದರು. ಮಾತಿನ ನಡುವೆ ಬೆಳಗಿನ ಥೈರಾಯ್ಡ್ ಮಾತ್ರೆಯ ಪ್ರಸ್ತಾಪ ಬಂದಾಗ, "ಅದೇನು ಮದ್ದು ಅಂತಲ್ಲ, ಹತ್ತು ವರ್ಷದಿಂದ ದಿನಾ ತಗೊಳ್ಳೋದು" ಎಂದರು. ಮನೆಮದ್ದುಗಳ ಬಗ್ಗೆಯೂ ಇದೇ ಧೋರಣೆಯಿರಬಹುದೆಂದು ಅನಿಸಿದ್ದರಿಂದ, ಮುಂದಿನ ಭೇಟಿಗೆ ರಾತ್ರಿ ಸೇವಿಸುವ ಎಲ್ಲವನ್ನೂ ಡಬ್ಬಿಗಳ ಸಮೇತ ತರಲು ಹೇಳಿದೆ.

ಬಟ್ಟೆಯ ಚೀಲದಿಂದ ಅವರು ಒಂದೊಂದಾಗಿ ಮೇಜಿನ ಮೇಲಿಟ್ಟದ್ದು ಇವು: ಅಶ್ವಗಂಧ ಚೂರ್ಣ, ನೆರಳಲ್ಲಿ ಒಣಗಿಸಿ ಪುಡಿ ಮಾಡಿದ ಒಂದೆಲಗ, ತಲೆಗೆ ಹಚ್ಚುವ ಬ್ರಾಹ್ಮಿ ಎಣ್ಣೆಯ ಸೀಸೆ, ಮತ್ತು ಹಳೆಯ ಉಪ್ಪಿನಕಾಯಿ ಬಾಟಲಿಯಲ್ಲಿ ಮುಕ್ಕಾಲು ತುಂಬಿದ್ದ, ಮುಚ್ಚಳ ತೆರೆದೊಡನೆ ಕೋಣೆಯೆಲ್ಲ ಘಮಗುಟ್ಟಿದ ಕಂದು ಪುಡಿ. ಅದು ಅವರದೇ ತೋಟದ ಜಾಯಿಕಾಯಿ.

ನನ್ನ ಗಮನ ಆ ಬಾಟಲಿಯ ಮೇಲೆ ನಿಂತಿತು. ಅವರ ಅತ್ತೆ ತೇಯುವ ಕಲ್ಲಿನ ಮೇಲೆ ಹಾಲು ಹಾಕಿ ಜಾಯಿಕಾಯಿ ತೇದು ಕೊಡುತ್ತಿದ್ದರಂತೆ. ಮಗುವಿಗಾದರೆ ಒಂದು ಸುತ್ತು, ದೊಡ್ಡವರಿಗೆ ಮೂರು ಸುತ್ತು. ಅತ್ತೆ ತೀರಿಕೊಂಡ ಮೇಲೆ ಕಲ್ಲು ಅಟ್ಟ ಸೇರಿತು, ಕಾಯಿ ಮಿಕ್ಸಿಗೆ ಹೋಯಿತು, ಸುತ್ತಿನ ಲೆಕ್ಕ ಚಮಚದ ಲೆಕ್ಕವಾಯಿತು. ಕಲ್ಲಿನ ಮೇಲೆ ಮೂರು ಸುತ್ತು ತೇದರೆ ಹಾಲಿಗೆ ಸೇರುವುದು ಚಿಟಿಕೆಗಿಂತಲೂ ಕಡಿಮೆ. ಇವರು ಅರ್ಧ ಚಮಚದಿಂದ ಆರಂಭಿಸಿ, ನಿದ್ರೆ ಬಾರದ ದಿನಗಳಲ್ಲಿ ಹೆಚ್ಚಿಸುತ್ತ ಹೋಗಿ, ಎರಡು ಟೀ ಚಮಚಕ್ಕೆ, ಅಂದರೆ ಸುಮಾರು ನಾಲ್ಕೂವರೆ ಗ್ರಾಮಿಗೆ ತಲುಪಿದ್ದರು. ಐದು ಗ್ರಾಮಿನ ಆಸುಪಾಸಿನಲ್ಲಿ ಜಾಯಿಕಾಯಿ ನಂಜಾಗುತ್ತದೆ. ಅದರಲ್ಲಿರುವ ಮಿರಿಸ್ಟಿಸಿನ್ ಮುಂತಾದ ಅಂಶಗಳಿಂದ ಎದೆಬಡಿತ, ಬಾಯಿ ಒಣಗುವಿಕೆ, ತಲೆಸುತ್ತು, ಗಾಬರಿ, ಕೆಲವರಲ್ಲಿ ಭ್ರಮೆಯೂ ಕಾಣಿಸಿಕೊಳ್ಳುತ್ತವೆ. ಮುಖ್ಯವಾಗಿ, ಈ ಪರಿಣಾಮ ಕುಡಿದ ಕೂಡಲೇ ಅಲ್ಲ, ಮೂರರಿಂದ ಆರು ಗಂಟೆಗಳ ನಂತರ ಬರುತ್ತದೆ. ರಾತ್ರಿ ಒಂಬತ್ತಕ್ಕೆ ಹಾಲು ಕುಡಿಯುತ್ತಿದ್ದ ಇವರು ಒಂದು, ಎರಡು ಗಂಟೆಗೆ ಎದೆ ಡವಗುಟ್ಟಿ ಏಳುತ್ತಿದ್ದರು. ಅದು ನಿದ್ರಾಹೀನತೆ ಉಲ್ಬಣಿಸಿದ ಲಕ್ಷಣವೆಂದೇ ತಿಳಿದು ಮರುದಿನ ಇನ್ನಷ್ಟು ಪುಡಿ ಬೆರೆಸುತ್ತಿದ್ದರು.

ಅಶ್ವಗಂಧದ ತೊಡಕು ಬೇರೆ. ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವ 'ಸೋಮ್ನಿಫೆರಾ' ಎಂಬ ಪದಕ್ಕೆ ಲ್ಯಾಟಿನ್ ಭಾಷೆಯಲ್ಲಿ ನಿದ್ರೆ ತರುವಂಥದ್ದು ಎಂದೇ ಅರ್ಥ, ಮತ್ತು ಕೆಲವರಿಗೆ ಅದರಿಂದ ಅಲ್ಪಸ್ವಲ್ಪ ಅನುಕೂಲವಾಗುವುದೂ ಉಂಟು. ಆದರೆ ಅದು ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದು. ಅದೇ ಹಾರ್ಮೋನನ್ನು ಮಾತ್ರೆಯಾಗಿ ಸೇವಿಸುವವರಿಗೆ ಈ ಏರಿಕೆಯೇ ಎದೆಬಡಿತಕ್ಕೂ ನಿದ್ರೆಗೇಡಿಗೂ ಕಾರಣವಾಗಬಹುದು. ನಾನು ವೈದ್ಯೆಯಲ್ಲವಾದ್ದರಿಂದ ಥೈರಾಯ್ಡ್ ಮಾತ್ರೆಯ ಪ್ರಮಾಣವನ್ನು ನೀವಾಗಿ ಬದಲಿಸಬೇಡಿ, ಜಾಯಿಕಾಯಿ ಪುಡಿಯನ್ನು ಇಂದೇ ನಿಲ್ಲಿಸಿ, ಡಬ್ಬಿಗಳನ್ನೆಲ್ಲ ನಿಮ್ಮ ವೈದ್ಯರಿಗೆ ತೋರಿಸಿ ಎಂದು ಪತ್ರ ಬರೆದುಕೊಟ್ಟೆ. ರಕ್ತಪರೀಕ್ಷೆಯಲ್ಲಿ, ದೇಹದಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಇಳಿಯುವ ಟಿಎಸ್‌ಎಚ್ ಇರಬೇಕಾದ ಮಟ್ಟಕ್ಕಿಂತ ಕೆಳಗಿತ್ತು. ವೈದ್ಯರು ಅಶ್ವಗಂಧವನ್ನು ನಿಲ್ಲಿಸಿ, ಮಾತ್ರೆಯ ಪ್ರಮಾಣವನ್ನು ಹಾಗೆಯೇ ಉಳಿಸಿ, ಆರು ವಾರಗಳ ನಂತರ ಮರುಪರೀಕ್ಷೆಗೆ ಹೇಳಿದರು. ನಿದ್ರೆಗೆಂದು ಬಳಸುವ ತಗರ ಎಂಬ ಗಿಡಮೂಲಿಕೆಯ ಮಾತ್ರೆ ಆಗಬಹುದೇ ಎಂದು ಆ ಗೃಹಿಣಿ ನಡುವೆ ನನ್ನನ್ನು ಕೇಳಿದ್ದುಂಟು. ಅದರ ಹತ್ತಿರದ ಬಂಧುವಾದ ವೆಲೇರಿಯನ್ ಬೇರನ್ನು ನಿದ್ರಾಹೀನತೆಗೆ ಬಳಸದಿರುವುದೇ ಲೇಸೆಂದು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2017ರಲ್ಲಿ ಅಭಿಪ್ರಾಯಪಟ್ಟಿದೆಯೆಂದು ತಿಳಿಸಿ, ಒಂದು ಡಬ್ಬಿಯ ಜಾಗಕ್ಕೆ ಇನ್ನೊಂದು ಡಬ್ಬಿ ತರುವುದು ಬೇಡವೆಂದೆ.

ಇಷ್ಟಾದರೂ ಮೂಲ ಪ್ರಶ್ನೆ ಉಳಿದಿತ್ತು: ಜಾಯಿಕಾಯಿಗೂ ಮೊದಲು ನಿದ್ರೆ ಏಕೆ ಕೆಟ್ಟಿತು? ಎರಡು ವಾರ ಬರೆದ ನಿದ್ರಾ ದಿನಚರಿ ಅದನ್ನು ತೋರಿಸಿತು. ಮಗ ಕ್ಯಾಲಿಫೋರ್ನಿಯಾಕ್ಕೆ ಹೋದಂದಿನಿಂದ ಅವನ ಬೆಳಗಿನ ಫೋನು ಇವರ ರಾತ್ರಿ ಹತ್ತೂವರೆಗೆ ಬರುತ್ತಿತ್ತು. ಒಂಬತ್ತಕ್ಕೇ ಹಾಸಿಗೆ ಸೇರಿ, ಫೋನನ್ನು ದಿಂಬಿನಡಿಯಿಟ್ಟು ಕಾಯುತ್ತಿದ್ದರು. ಬಾರದ ದಿನ ಏನಾಯಿತೋ ಎಂದು ಕಾಯುವುದು ಮುಂದುವರಿಯುತ್ತಿತ್ತು. ಹಾಸಿಗೆಯಲ್ಲಿ ಕಳೆಯುತ್ತಿದ್ದುದು ಒಂಬತ್ತು ಗಂಟೆ, ನಿದ್ರಿಸುತ್ತಿದ್ದುದು ಐದು ಗಂಟೆ. ಹಾಸಿಗೆಯೆಂದರೆ ಕಾಯುವ ಜಾಗವೆಂದು ದೇಹ ಒಂದೂವರೆ ವರ್ಷದಲ್ಲಿ ಕಲಿತುಬಿಟ್ಟಿತ್ತು.

ಫೋನನ್ನು ಶನಿವಾರ ಮತ್ತು ಭಾನುವಾರ ಬೆಳಗಿನ ಏಳಕ್ಕೆ ಬದಲಿಸಿಕೊಳ್ಳಲು ಹೇಳಿದೆ; ಮಗನಿಗೆ ಅದು ಸಂಜೆಯ ಬಿಡುವು. ರಾತ್ರಿ ಹನ್ನೊಂದೂವರೆಗೆ ಮೊದಲು ಮಲಗಕೂಡದು, ಎಷ್ಟೇ ನಿದ್ರೆಗೆಟ್ಟಿದ್ದರೂ ಐದೂವರೆಗೆ ಏಳಬೇಕು, ಮಧ್ಯಾಹ್ನದ ನಿದ್ದೆ ಬೇಡ, ಸುಮಾರು ಇಪ್ಪತ್ತು ನಿಮಿಷ ನಿದ್ರೆ ಬಾರದಿದ್ದರೆ ಎದ್ದು ಹೊರಗೆ ಕುಳಿತು ತೂಕಡಿಕೆ ಬಂದಾಗಲೇ ಒಳಗೆ ಹೋಗಬೇಕು, ಗಡಿಯಾರ ನೋಡಬಾರದು. ಅಪಸ್ಮಾರ ಅಥವಾ ಬೈಪೋಲಾರ್ ತೊಂದರೆಯಿರುವವರು ನಿದ್ರೆಯ ಅವಧಿಯನ್ನು ಹೀಗೆ ತಾವಾಗಿ ಕುಗ್ಗಿಸಿಕೊಳ್ಳಬಾರದು. ಇವರಿಗೆ ಅಂಥದ್ದೇನೂ ಇರಲಿಲ್ಲ. ಮೊದಲ ಹತ್ತು ದಿನ ಅವರು ನನ್ನನ್ನು ಮನಸ್ಸಿನಲ್ಲೇ ಬೈದುಕೊಂಡಿರಬೇಕು. ಮೂರನೆಯ ವಾರದಿಂದ ಮಲಗಿದ ಸ್ವಲ್ಪ ಹೊತ್ತಿಗೇ ನಿದ್ರೆ ಹತ್ತತೊಡಗಿತು. ಆನಂತರ ವಾರಕ್ಕೆ ಹದಿನೈದು ನಿಮಿಷದಂತೆ ಮಲಗುವ ಸಮಯವನ್ನು ಹಿಂದಕ್ಕೆ ತಂದೆವು.

ಎಣ್ಣೆ ಹಚ್ಚುವುದನ್ನು ನಿಲ್ಲಿಸಲು ನಾನು ಹೇಳಲಿಲ್ಲ. ಜಾಯಿಕಾಯಿಯನ್ನು ಪೂರ್ತಿ ಬಿಡಬೇಕೇ ಎಂದು ಅವರು ಬೇಸರದಿಂದ ಕೇಳಿದಾಗ ವೈದ್ಯರ ಒಪ್ಪಿಗೆಯ ಮೇಲೆ ಅತ್ತೆಯ ಲೆಕ್ಕಕ್ಕೆ ಮರಳಬಹುದೆಂದೆ. ಅಟ್ಟದಿಂದ ಕಲ್ಲು ಇಳಿಯಿತು. ಎಂಟನೆಯ ವಾರ ಬಂದಾಗ ಟಿಎಸ್‌ಎಚ್ ಸರಿಯಾದ ಮಟ್ಟಕ್ಕೆ ಬಂದಿತ್ತು, ನಿದ್ರೆ ಆರೂಕಾಲು ಗಂಟೆಗೆ ಮುಟ್ಟಿತ್ತು, ವಾರದಲ್ಲಿ ಒಂದೆರಡು ರಾತ್ರಿ ಮಾತ್ರ ನಡುವೆ ಎಚ್ಚರವಾಗುತ್ತಿತ್ತು. ಬಾಟಲಿಯಲ್ಲಿ ಉಳಿದಿದ್ದ ಪುಡಿ ಚಿಟಿಕೆ ಚಿಟಿಕೆಯಾಗಿ ಹೋಳಿಗೆಯ ಹೂರಣಕ್ಕೆ ಹೋಗುತ್ತಿದೆಯಂತೆ.