ಓದುಗರ ಪ್ರಶ್ನೋತ್ತರ: ನಾಗಾವೊಕದ ನದಿಯ ಮೇಲೆ ಅರಳುವ ಬೆಂಕಿ

ಜಪಾನಿನ ಋತುಹಬ್ಬಗಳ ಕುರಿತು ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಸಿಗೆಯ ಬಾಣಬಿರುಸುಗಳ ಬಗೆಗೇ ಇದ್ದವು. ಹತ್ತಾರು ಊರುಗಳ ಹೆಸರು ಹೇಳಿ ಮುಗಿಸುವುದಕ್ಕಿಂತ ನೀಗಾತ ಪ್ರಾಂತದ ನಾಗಾವೊಕ ಎಂಬ ಒಂದೇ ನಗರವನ್ನು ಹಿಡಿದು ಉತ್ತರಿಸುವುದು ಓದುಗರಿಗೆ ಹೆಚ್ಚು ಉಪಯುಕ್ತವೆಂದು ತೋರಿದ್ದರಿಂದ ಹಾಗೆಯೇ ಮಾಡಿದ್ದೇನೆ.

ಪ್ರಶ್ನೆ: ನಮ್ಮ ಮಗಳು ಟೋಕಿಯೊದಲ್ಲಿ ಕೆಲಸದಲ್ಲಿದ್ದಾಳೆ. ಜುಲೈ ಕೊನೆಗೆ ನಾನೂ ನನ್ನ ಪತ್ನಿಯೂ ಮೂರು ವಾರಗಳ ಮಟ್ಟಿಗೆ ಅವಳಲ್ಲಿಗೆ ಹೋಗುತ್ತಿದ್ದೇವೆ. ಬಾಣಬಿರುಸಿನ ಹಬ್ಬವೊಂದನ್ನು ನೋಡಲೇಬೇಕೆಂಬ ಆಸೆ ಇಬ್ಬರಿಗೂ ಇದೆ. ಆದರೆ ಇಬ್ಬರಿಗೂ ಅರವತ್ತು ದಾಟಿದೆ, ನೂಕುನುಗ್ಗಲಿಗೆ ಹೆದರಿಕೆ. ಎಲ್ಲಿಗೆ ಹೋದರೆ ಒಳ್ಳೆಯದು?

ಉತ್ತರ: ಟೋಕಿಯೊದಲ್ಲೇ ಸುಮಿದಾ ನದಿಯ ಬಾಣಬಿರುಸು ಜುಲೈ ತಿಂಗಳ ಕೊನೆಯ ಶನಿವಾರ ನಡೆಯುತ್ತದೆ. ಅದು ಹಳೆಯದು, ಹೆಸರಾದದ್ದು. ಆದರೆ ಎತ್ತರದ ಕಟ್ಟಡಗಳ ನಡುವಿನ ಸಂದಿಯಲ್ಲಿ, ಪೊಲೀಸರು ಮುಂದೆ ಸಾಗುವಂತೆ ಹೇಳುತ್ತಿರುವಾಗ ಕತ್ತೆತ್ತಿ ನೋಡಬೇಕಾಗುತ್ತದೆ. ನಿಮ್ಮ ವಯಸ್ಸಿನವರಿಗೆ ನಾನು ನಾಗಾವೊಕವನ್ನೇ ಹೇಳುತ್ತೇನೆ. ಅಲ್ಲಿ ಜಪಾನಿನ ಅತ್ಯಂತ ಉದ್ದದ ನದಿಯಾದ ಶಿನಾನೊ ಊರನ್ನು ಸೀಳಿಕೊಂಡು ಹರಿಯುತ್ತದೆ. ಅದರ ಎರಡೂ ದಂಡೆಗಳು ವಿಶಾಲವಾಗಿದ್ದು, ಆಕಾಶ ಯಾವ ಮರೆಯೂ ಇಲ್ಲದೆ ಇಡಿಯಾಗಿ ಕಾಣುತ್ತದೆ.

ವಾರ ಯಾವುದೇ ಇರಲಿ, ನಾಗಾವೊಕದಲ್ಲಿ ಬಾಣಬಿರುಸು ಹಾರುವುದು ಆಗಸ್ಟ್ 2 ಮತ್ತು 3ರಂದೇ. ಹೆಚ್ಚು ಜನ ಬರಲೆಂದು ತಾರೀಖನ್ನು ಶನಿವಾರ ಭಾನುವಾರಕ್ಕೆ ಸರಿಸುವುದಿಲ್ಲ. ಅದರ ಕಾರಣ ಮುಂದಿನ ಉತ್ತರದಲ್ಲಿದೆ. ಹಬ್ಬ ವಾರದ ನಡುವೆ ಬಿದ್ದ ವರ್ಷ ಜನಸಂದಣಿ ಸ್ವಲ್ಪವಾದರೂ ಕಡಿಮೆ ಇರುತ್ತದೆ, ಅದು ನಿಮಗೆ ಅನುಕೂಲ. ಟೋಕಿಯೊದಿಂದ ಜೋಯೆತ್ಸು ಶಿಂಕಾನ್ಸೆನ್ ಎಂಬ ಅತಿವೇಗದ ರೈಲು ಎರಡು ಗಂಟೆಯೊಳಗೆ ನಿಮ್ಮನ್ನು ಅಲ್ಲಿಗೆ ತಲುಪಿಸುತ್ತದೆ. ನಿಲ್ದಾಣದಿಂದ ನದಿಯ ಬಲದಂಡೆಗೆ ಓತೆ ಬೀದಿಯಲ್ಲಿ ನೇರವಾಗಿ ಅರ್ಧ ಗಂಟೆಯ ನಡಿಗೆ; ಎಡದಂಡೆ ನದಿಯಾಚೆಗಿದ್ದು ದೂರವಾಗುತ್ತದೆ. ಆದ್ದರಿಂದ ಬಲದಂಡೆಯ ಆಸನಗಳನ್ನೇ ಆರಿಸಿಕೊಳ್ಳಿ.

ಆಸನಗಳ ವಿಷಯದಲ್ಲಿ ತಡಮಾಡಬೇಡಿ. ಹಿಂದೆ ಬೆಳಗ್ಗೆಯೇ ಬಂದು ದಂಡೆಯ ಮೇಲೆ ಚಾಪೆ ಹಾಸಿ ಜಾಗ ಹಿಡಿಯುವ ವಾಡಿಕೆಯಿತ್ತು. ಈಗ ದಂಡೆಯ ವೀಕ್ಷಣಾ ಸ್ಥಳಗಳಿಗೆ ಟಿಕೆಟ್ ಬೇಕು. ತಿಂಗಳುಗಳ ಮುಂಚೆಯೇ ಅರ್ಜಿ ಹಾಕಿಸಿಕೊಂಡು ಚೀಟಿ ಎತ್ತಿ ಹಂಚುವ ಕ್ರಮವಿರುವುದರಿಂದ, ಜಪಾನಿ ಓದಬಲ್ಲ ನಿಮ್ಮ ಮಗಳು ಈಗಿನಿಂದಲೇ ಅದರ ಮೇಲೆ ಕಣ್ಣಿಟ್ಟಿರಲಿ. ಆ ಎರಡು ರಾತ್ರಿಗಳಿಗೆ ಊರೊಳಗಿನ ಹೋಟೆಲುಗಳು ಬಹಳ ಬೇಗ ತುಂಬುತ್ತವೆ; ಶಿಂಕಾನ್ಸೆನ್ ದಾರಿಯಲ್ಲೇ ಇರುವ ನೀಗಾತ ನಗರದಲ್ಲಿ ಅಥವಾ ಎಚಿಗೊ-ಯುಜಾವಾದಲ್ಲಿ ಕೋಣೆ ಹಿಡಿಯುವುದು ಜಾಣತನ. ಸಣ್ಣ ಮಳೆಗೆ ಕಾರ್ಯಕ್ರಮ ನಿಲ್ಲುವುದಿಲ್ಲ. ಕೊಡೆ ಹಿಡಿದರೆ ಹಿಂದಿನವರಿಗೆ ಮರೆಯಾಗುತ್ತದೆ, ಮಳೆಯಂಗಿ ಒಯ್ಯಿರಿ.

ಪ್ರಶ್ನೆ: ನಾಗಾವೊಕದ ಬಾಣಬಿರುಸು ಯುದ್ಧದಲ್ಲಿ ಸತ್ತವರ ನೆನಪಿಗಾಗಿ ಎಂದು ಓದಿದೆ. ಬಾಂಬಿನಿಂದ ಸುಟ್ಟುಹೋದ ಊರು ಸತ್ತವರ ನೆನಪಿಗೆ ಮತ್ತೆ ಬೆಂಕಿಯನ್ನೂ ಸಿಡಿತದ ಸದ್ದನ್ನೂ ಆರಿಸಿಕೊಂಡದ್ದು ಹೇಗೆ? ಪ್ರವಾಸಿಗಳಾಗಿ ಹೋದವರು ಅಲ್ಲಿ ಸಂತೋಷಪಡುವುದು ಉಚಿತವೇ?

ಉತ್ತರ: ಈ ಪ್ರಶ್ನೆಯನ್ನು ಕೇಳಿಕೊಂಡು ಹೋಗುವವರು ಅಲ್ಲಿ ಹೆಚ್ಚನ್ನು ಕಾಣುತ್ತಾರೆ ಎಂಬುದು ನನ್ನ ನಂಬಿಕೆ. 1945ರ ಆಗಸ್ಟ್ 1ರ ರಾತ್ರಿ ಹತ್ತೂವರೆಗೆ ಅಮೆರಿಕದ ಬಿ-29 ವಿಮಾನಗಳು ನಾಗಾವೊಕದ ಮೇಲೆ ಬೆಂಕಿಬಾಂಬುಗಳನ್ನು ಸುರಿಸತೊಡಗಿದವು. ಒಂದು ಗಂಟೆ ನಲವತ್ತು ನಿಮಿಷಗಳಲ್ಲಿ ಪೇಟೆಯ ಹತ್ತರಲ್ಲಿ ಸುಮಾರು ಎಂಟು ಪಾಲು ಸುಟ್ಟುಹೋಯಿತು, 1,480ಕ್ಕೂ ಹೆಚ್ಚು ಜನ ಸತ್ತರು. ಊರ ನಡುವೆ ಹರಿಯುವ ಕಾಕಿ ಎಂಬ ಚಿಕ್ಕ ಹೊಳೆಗೆ ಉರಿ ತಾಳಲಾರದೆ ಇಳಿದವರಲ್ಲಿ ಅನೇಕರು ಅಲ್ಲಿಯೇ ಪ್ರಾಣಬಿಟ್ಟರು. ಎರಡು ವಾರ ಕಳೆಯುವಷ್ಟರಲ್ಲಿ ಯುದ್ಧವೇ ಮುಗಿಯಿತು.

ನೀವು ಹೇಳಿದ ಸಂಕಟ ನಿಜವಾದದ್ದು. ಬದುಕುಳಿದವರಲ್ಲಿ ಬಾಣಬಿರುಸಿನ ಸದ್ದನ್ನು ಕೇಳಲಾರದವರು, ಆ ರಾತ್ರಿಗಳಲ್ಲಿ ಹೊರಗೆ ಬಾರದವರು ಇದ್ದರು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಬಾಣಬಿರುಸು ನಾಗಾವೊಕಕ್ಕೆ ಯುದ್ಧದಿಂದ ಬಂದದ್ದಲ್ಲ. 1879ರಲ್ಲಿಯೇ ಅಲ್ಲಿನ ದೇವಾಲಯದ ಹಬ್ಬದಲ್ಲಿ ಅದನ್ನು ಹಾರಿಸಿದ ದಾಖಲೆಯಿದೆ. ಯುದ್ಧದ ವರ್ಷಗಳಲ್ಲಿ ನಿಂತುಹೋದ ಅದು, ಊರು ಸುಟ್ಟ ಎರಡೇ ವರ್ಷಕ್ಕೆ, 1947ರಲ್ಲಿ, ಮರಳಿ ಬಂದಿತು. ತಮ್ಮದಾಗಿದ್ದ ಹಬ್ಬದ ಬೆಂಕಿಯನ್ನು ಯುದ್ಧದ ಬೆಂಕಿಗೆ ಒಪ್ಪಿಸಿಬಿಡಲು ಆ ಜನ ಸಿದ್ಧರಿರಲಿಲ್ಲ ಎಂದೇ ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಆಗಸ್ಟ್ 1ನ್ನು ಸತ್ತವರಿಗೆ ಮೀಸಲಿಟ್ಟು, 2 ಮತ್ತು 3ರಂದು ಬಾಣಬಿರುಸು ಹಾರಿಸುವ ಕ್ರಮ ಬೆಳೆದದ್ದು ಹೀಗೆ. ತಾರೀಖು ಕದಲದಿರುವುದೂ ಇದಕ್ಕಾಗಿಯೇ.

ಪ್ರತಿ ರಾತ್ರಿ ಬಣ್ಣಗಳು ಬರುವ ಮೊದಲು ‘ಶಿರಾಗಿಕು’, ಅಂದರೆ ಬಿಳಿ ಸೇವಂತಿಗೆ, ಎಂಬ ಗುಂಡುಗಳನ್ನು ಹಾರಿಸುತ್ತಾರೆ. ಬಿಳಿ ಬಿಟ್ಟರೆ ಬೇರೆ ಬಣ್ಣವಿಲ್ಲ. ಮೇಲೇರಿ ತೆರೆದುಕೊಂಡು, ಸಾವಕಾಶವಾಗಿ ಇಳಿದು ನಂದುತ್ತವೆ. ಇದನ್ನು ರೂಪಿಸಿದವರು ನಾಗಾವೊಕದ ಬಾಣಬಿರುಸು ಕುಶಲಕರ್ಮಿ ಕಾಸೆ ಸೇಯ್ಜಿ. ಯುದ್ಧ ಮುಗಿದ ಮೇಲೆ ಸೋವಿಯತ್ ಸೆರೆಯಾಳಾಗಿ ಸೈಬೀರಿಯಾದಲ್ಲಿ ದುಡಿದು ಬಂದವರು ಅವರು. 1990ರಲ್ಲಿ ರಷ್ಯಾದ ಖಬರೋವ್ಸ್ಕ್ ನಗರಕ್ಕೆ ಹೋಗಿ, ಹಿಂದಿರುಗಲಾಗದೆ ಅಲ್ಲೇ ಮಣ್ಣಾದ ಸಂಗಾತಿಗಳಿಗಾಗಿ ಅಮೂರ್ ನದಿಯ ಮೇಲೆ ಈ ಬಿಳಿ ಹೂವನ್ನು ಅರಳಿಸಿದರು. 2015ರಲ್ಲಿ, ಯುದ್ಧ ಮುಗಿದು ಎಪ್ಪತ್ತು ವರ್ಷಗಳಾದಾಗ, ನಾಗಾವೊಕದ ಬಾಣಬಿರುಸು ಹವಾಯಿಯ ಪರ್ಲ್ ಹಾರ್ಬರಿನ ಆಕಾಶಕ್ಕೂ ಏರಿತು. ಆ ಬಂದರಿನ ಮೇಲಿನ ದಾಳಿಯನ್ನು ಯೋಜಿಸಿದ ನೌಕಾಧಿಪತಿ ಯಾಮಾಮೊಟೊ ಇಸೊರೊಕು ಹುಟ್ಟಿದ್ದು ನಾಗಾವೊಕದಲ್ಲೇ ಎಂಬುದನ್ನು ನೆನೆದರೆ, ಆ ರಾತ್ರಿ ಎರಡೂ ಕಡೆಯವರು ಒಟ್ಟಾಗಿ ಮೇಲೆ ನೋಡಿದ್ದರ ತೂಕ ತಿಳಿಯುತ್ತದೆ.

ಇನ್ನು ಸಂತೋಷದ ಮಾತು. ಅಲ್ಲಿನವರೇ ಮಕ್ಕಳನ್ನು ಕರೆತಂದು, ತಿಂಡಿ ಹಂಚಿಕೊಂಡು, ಮನಸಾರೆ ಚಪ್ಪಾಳೆ ತಟ್ಟುತ್ತಾರೆ. ನೀವೂ ಸಂಕೋಚವಿಲ್ಲದೆ ಸಂತೋಷಪಡಿ. ಬಿಳಿ ಸೇವಂತಿಗೆ ಹಾರುವಾಗ ಮಾತ್ರ ಮೌನವಾಗಿರಿ, ಆಗ ಫೋನನ್ನು ಕೆಳಗಿಟ್ಟರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ ಒಂದು ದಿನ ಮುಂಚೆಯೇ, ಆಗಸ್ಟ್ 1ಕ್ಕೆ, ಊರು ತಲುಪಿ. ಹಗಲು ಯುದ್ಧಹಾನಿಯ ಸಂಗ್ರಹಾಲಯವನ್ನು ನೋಡಿ. ಸಂಜೆ ಕಾಕಿ ಹೊಳೆಯಲ್ಲಿ ಸತ್ತವರಿಗಾಗಿ ದೀಪಗಳನ್ನು ತೇಲಿಬಿಡುತ್ತಾರೆ. ರಾತ್ರಿ ಹತ್ತೂವರೆಗೆ, ಬಾಂಬು ಬೀಳತೊಡಗಿದ ಅದೇ ಹೊತ್ತಿಗೆ, ದೇವಾಲಯಗಳ ಗಂಟೆಗಳು ಮೊಳಗಿ ಬಿಳಿ ಸೇವಂತಿಗೆ ಅರಳುತ್ತದೆ. ಇದನ್ನು ನೋಡಿದವರಿಗೆ ಮರುದಿನದ ಬಣ್ಣಗಳು ಬೇರೆಯಾಗಿಯೇ ಕಾಣುತ್ತವೆ.

2005ರಿಂದ ಇದಕ್ಕೆ ಇನ್ನೊಂದು ನೆನಪು ಸೇರಿಕೊಂಡಿದೆ. 2004ರ ಅಕ್ಟೋಬರ್ 23ರ ಚೂಯೆತ್ಸು ಭೂಕಂಪದ ತರುವಾಯ, ಊರು ಮತ್ತೆ ಎದ್ದು ನಿಲ್ಲಲೆಂಬ ಹರಕೆಯಾಗಿ ‘ಫೀನಿಕ್ಸ್’ ಎಂಬ ಬಾಣಬಿರುಸನ್ನು ನದಿಯುದ್ದಕ್ಕೂ ಸುಮಾರು ಎರಡು ಕಿಲೋಮೀಟರು ಅಗಲಕ್ಕೆ ಹಾರಿಸುತ್ತಾರೆ. ಕತ್ತು ಎತ್ತ ತಿರುಗಿಸಿದರೂ ಅದರ ಎರಡು ಕೊನೆಗಳು ಒಟ್ಟಿಗೆ ಕಣ್ಣಿಗೆ ಸಿಗುವುದಿಲ್ಲ. ನಾಗರಿಕರ ದೇಣಿಗೆಯೂ ಅದರಲ್ಲಿ ಸೇರಿರುತ್ತದೆ.

ಪ್ರಶ್ನೆ: ಅಲ್ಲಿನ ‘ಮೂರು ಶಾಕು’ ಗುಂಡು ಎಂದರೇನು? ಜಪಾನಿನ ಬಾಣಬಿರುಸು ಯಾವ ಕಡೆಯಿಂದ ನೋಡಿದರೂ ದುಂಡಗೆ ಕಾಣುತ್ತದೆಯಂತೆ. ಅದು ಹೇಗೆ ಸಾಧ್ಯ?

ಉತ್ತರ: ಶಾಕು ಜಪಾನಿನ ಹಳೆಯ ಅಳತೆ, ಸುಮಾರು 30 ಸೆಂಟಿಮೀಟರು. ಮೂರು ಶಾಕು ಗುಂಡಿನ ಅಡ್ಡಳತೆ 90 ಸೆಂಟಿಮೀಟರು, ತೂಕ ಸುಮಾರು 300 ಕಿಲೊ. ಅದು 600 ಮೀಟರು ಎತ್ತರಕ್ಕೇರಿ 650 ಮೀಟರು ಅಗಲಕ್ಕೆ ತೆರೆದುಕೊಳ್ಳುತ್ತದೆ. ಹಾರಿಸುವ ಮೊದಲು ಸೈರನ್ ಕೂಗುತ್ತದೆ, ದಂಡೆಯ ಮೇಲಿನ ಮಾತೆಲ್ಲ ತಾನಾಗಿ ಅಡಗುತ್ತದೆ. ಒಂದು ಕಿಲೋಮೀಟರು ದೂರ ಕುಳಿತವರಿಗೆ ಬೆಳಕು ಕಂಡ ಮೂರು ಸೆಕೆಂಡುಗಳ ಮೇಲೆ ಸದ್ದು ತಲುಪುತ್ತದೆ. ಅದನ್ನು ಕಿವಿಗಿಂತ ಮೊದಲು ಎದೆಗೂಡು ಕೇಳಿಸಿಕೊಳ್ಳುತ್ತದೆ.

ದುಂಡುತನದ ಗುಟ್ಟು ಗುಂಡಿನ ಒಳಗಿದೆ. ಉರಿದು ಬಣ್ಣ ಕೊಡುವ ಉಂಡೆಗಳಿಗೆ ಕುಶಲಕರ್ಮಿಗಳು ‘ಹೊಶಿ’, ಅಂದರೆ ನಕ್ಷತ್ರ, ಎನ್ನುತ್ತಾರೆ. ಸಣ್ಣ ಕಾಳೊಂದಕ್ಕೆ ತೇವದ ಮದ್ದನ್ನು ಹಚ್ಚಿ ಉರುಳಿಸಿ, ಒಣಗಿಸಿ, ಮತ್ತೆ ಹಚ್ಚಿ, ಹೀಗೆ ದಿನದಿನವೂ ಪದರ ಪದರವಾಗಿ ಅದನ್ನು ಬೆಳೆಸುತ್ತಾರೆ. ಪದರಕ್ಕೊಂದು ಮದ್ದು ಬದಲಿಸಿದರೆ ಆಕಾಶದಲ್ಲಿ ಬಣ್ಣವೂ ಬದಲಾಗುತ್ತದೆ: ಸ್ಟ್ರಾಂಷಿಯಂ ಕೆಂಪನ್ನು, ಬೇರಿಯಂ ಹಸಿರನ್ನು, ತಾಮ್ರ ನೀಲಿಯನ್ನು ಕೊಡುತ್ತವೆ. ಈ ನಕ್ಷತ್ರಗಳನ್ನು ಗೋಲದ ಒಳಗೋಡೆಗೆ ಒತ್ತಾಗಿ ಜೋಡಿಸಿ, ನಡುವೆ ಸಿಡಿಮದ್ದು ತುಂಬಿ, ಎರಡು ಅರ್ಧಗಳನ್ನು ಕೂಡಿಸಿ ಹೊರಗೆ ಕಾಗದವನ್ನು ಪದರಗಟ್ಟಲೆ ಅಂಟಿಸುತ್ತಾರೆ. ಹೊರಕವಚದ ಬಿಗಿ ಎಲ್ಲ ಕಡೆ ಒಂದೇ ಸಮನಿದ್ದರೆ ನಕ್ಷತ್ರಗಳು ಎಲ್ಲ ದಿಕ್ಕಿಗೂ ಒಂದೇ ವೇಗದಲ್ಲಿ ಚಿಮ್ಮುತ್ತವೆ. ಬಾಲದಂತೆ ಕಿಡಿಗೆರೆ ಬಿಡುತ್ತ ಹರಡುವುದಕ್ಕೆ ಸೇವಂತಿಗೆಯೆಂದೂ, ಗೆರೆಯಿಲ್ಲದೆ ಬಣ್ಣದ ಚುಕ್ಕೆಗಳಾಗಿ ತೆರೆಯುವುದಕ್ಕೆ ಬೊತಾನ್ (ಪಿಯೊನಿ) ಹೂವೆಂದೂ ಹೆಸರು. ಬಾಣಬಿರುಸಿಗೆ ಜಪಾನಿಯಲ್ಲಿರುವ ‘ಹನಾಬಿ’ ಎಂಬ ಮಾತಿನ ಅರ್ಥವೂ ಹೂವು-ಬೆಂಕಿ ಎಂದೇ.

ಪ್ರಶ್ನೆ: ನಾನು ಸಸ್ಯಾಹಾರಿ. ಹಬ್ಬದ ಅಂಗಡಿಗಳಲ್ಲಿ ಏನನ್ನು ತಿನ್ನಬಹುದು? ಅಲ್ಲಿನವರಂತೆ ಯುಕಾತಾ ಎಂಬ ಬೇಸಿಗೆಯ ಹತ್ತಿಯ ನಿಲುವಂಗಿ ಉಡಬಹುದೇ?

ಉತ್ತರ: ಬಿದಿರಿನ ಜಾತಿಯ ಎಲೆಯಲ್ಲಿ ಸುತ್ತಿ ಬೇಯಿಸಿದ ‘ಸಾಸಾದಾಂಗೊ’ ಎಂಬ ಅಕ್ಕಿಹಿಟ್ಟಿನ ಸಿಹಿಗಡುಬು ನೀಗಾತದ ವಿಶೇಷ, ಒಳಗೆ ಕೆಂಪು ಅವರೆಯಂಥ ಕಾಳಿನ ಹೂರಣವಿರುತ್ತದೆ. ತೊಚಿಯೊ ಭಾಗದ ದಪ್ಪನೆಯ ಕರಿದ ತೋಫು ಕೂಡ ರುಚಿಕರ, ಆದರೆ ಮೇಲೆ ಒಣಮೀನಿನ ಸಿಪ್ಪೆಯನ್ನು ಉದುರಿಸುವುದುಂಟು, ಮೊದಲೇ ಬೇಡವೆನ್ನಿ. ಸಾರು ಇರುವ ತಿನಿಸುಗಳೆಲ್ಲ ಸಾಮಾನ್ಯವಾಗಿ ಮೀನಿನ ರಸದಲ್ಲೇ ಆಗಿರುತ್ತವೆ. ಯುಕಾತಾವನ್ನು ಧಾರಾಳವಾಗಿ ಉಡಿ. ಉಡುವವರ ಎಡಸೆರಗು ಬಲಸೆರಗಿನ ಮೇಲೆ ಬರಬೇಕು. ಅದಲುಬದಲಾಗಿ ಉಡಿಸುವುದು ಶವಕ್ಕೆ.

ಪ್ರಶ್ನೆ: ನಮಗೆ ಆಗಸ್ಟಿನಲ್ಲಿ ರಜೆ ಸಿಗುವುದಿಲ್ಲ. ಬೇರೆ ಋತುಗಳಲ್ಲಿ ನಾಗಾವೊಕಕ್ಕೆ ಹೋಗಿ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ಇದು ಹಿಮದ ಸೀಮೆ. ರಸ್ತೆಯ ನಡುವೆ ಕೊಳವೆ ಹೂತು ಅಂತರ್ಜಲ ಚಿಮ್ಮಿಸಿ ಹಿಮ ಕರಗಿಸುವ ವ್ಯವಸ್ಥೆ ಹುಟ್ಟಿದ್ದೇ ಇಲ್ಲಿ. ಆ ನೀರಿನ ಕಬ್ಬಿಣದಿಂದ ಬೀದಿಗಳು ಕೆಂಪಾಗಿರುವುದನ್ನು ಬೇಸಿಗೆಯಲ್ಲೂ ನೋಡಬಹುದು. ಫೆಬ್ರವರಿಯಲ್ಲಿ ಹಿಮದ ಹಬ್ಬವಿದೆ, ಏಪ್ರಿಲಿನಲ್ಲಿ ಯೂಕ್ಯೂಜಾನ್ ಉದ್ಯಾನದಲ್ಲಿ ಸಾಕುರಾ, ಅಂದರೆ ಚೆರ್ರಿ ಹೂವು, ಅರಳುತ್ತದೆ. ಸೆಪ್ಟೆಂಬರ್ 9 ಮತ್ತು 10ರಂದು ನೆರೆಯ ಓಜಿಯಾ ನಗರದ ಕಾತಾಕಾಯ್‌ನಲ್ಲಿ ಬಾಣಬಿರುಸನ್ನು ದೇವಾಲಯಕ್ಕೆ ಹರಕೆಯಾಗಿ ಅರ್ಪಿಸುತ್ತಾರೆ. ನಾಲ್ಕು ಶಾಕು ಗುಂಡು ಹಾರುವುದು ಅಲ್ಲಿ. ಮಗು ಹುಟ್ಟಿದ್ದಕ್ಕೆ, ಮದುವೆಗೆ, ತೀರಿಕೊಂಡ ತಂದೆಯ ನೆನಪಿಗೆ ಮನೆಯವರು ಕೊಟ್ಟ ಬಾಣಬಿರುಸುಗಳನ್ನು ಹಾರಿಸುವ ಮೊದಲು ಅವರ ಮಾತುಗಳನ್ನು ಓದಿ ಹೇಳುತ್ತಾರೆ. ಭಾಷೆ ಬಾರದಿದ್ದರೂ ದನಿಯಿಂದಲೇ ಅದು ಮದುವೆಯೋ ಮರಣವೋ ಎಂದು ಊಹಿಸಬಹುದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಯಾಮಾಕೊಶಿಯ ಗೂಳಿಕಾಳಗ. 2005ರಲ್ಲಿ ನಾಗಾವೊಕಕ್ಕೆ ಸೇರಿದ ಈ ಬೆಟ್ಟದ ಹಳ್ಳಿಯಲ್ಲಿ ಮೇ ತಿಂಗಳಿಂದ ನವೆಂಬರಿನವರೆಗೆ ಕೆಲವು ಭಾನುವಾರಗಳಲ್ಲಿ ಅದು ನಡೆಯುತ್ತದೆ. ಒಂದು ಗೂಳಿ ಸೋಲುವ ಮೊದಲೇ ಹಳ್ಳಿಗರು ನುಗ್ಗಿ ಎರಡನ್ನೂ ಬೇರ್ಪಡಿಸಿ ಸಮವೆಂದು ಸಾರುತ್ತಾರೆ. ಸಾಕಿದ ಪ್ರಾಣಿಗೆ ಸೋಲಿನ ನೋವು ಬೇಡವೆಂದು. ಭೂಕಂಪದಲ್ಲಿ ದಾರಿ ಕಡಿದು ಹಳ್ಳಿ ತೆರವಾದಾಗ, ಈ ಗೂಳಿಗಳನ್ನು ಹೆಲಿಕಾಪ್ಟರಿನಲ್ಲಿ ಹೊತ್ತೊಯ್ದು ಉಳಿಸಿಕೊಂಡರು.

ಪ್ರಶ್ನೆ: ಕೊನೆಯ ಹೊತ್ತಿಗೆ ರೈಲು ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕಂತೆ. ಹತ್ತು ನಿಮಿಷ ಮೊದಲೇ ಎದ್ದು ಹೊರಟರೆ ನಷ್ಟವೇನು?

ಉತ್ತರ: ಎದ್ದು ಹೊರಡುವ ಅವಸರ ಬೇಡ. ಆ ರಾತ್ರಿ ಹೆಚ್ಚುವರಿ ರೈಲುಗಳಿರುತ್ತವೆ, ಸಾಲು ಉದ್ದವಾದರೂ ಶಿಸ್ತಿನಿಂದ ಸಾಗುತ್ತದೆ. ಕೊನೆಯ ಗುಂಡು ಸಿಡಿದ ಮೇಲೆ ದಂಡೆಯ ಮೇಲಿನ ಸಾವಿರಾರು ಜನ ಫೋನು ಮತ್ತು ಟಾರ್ಚುಗಳ ಬೆಳಕನ್ನು ನದಿಯ ಕಡೆಗೆ ಬೀಸುತ್ತಾರೆ. ಇಡೀ ಸಂಜೆ ಕಣ್ಣಿಗೆ ಬೀಳದೆ ಕತ್ತಲಲ್ಲಿ ದುಡಿದ ಕುಶಲಕರ್ಮಿಗಳಿಗೆ ಸಲ್ಲುವ ವಂದನೆ ಅದು. ಸ್ವಲ್ಪ ಹೊತ್ತಿಗೆ ಅವರೂ ನದಿಯ ಕಡೆಯಿಂದ ಬೆಳಕು ಬೀಸಿ ಉತ್ತರಿಸುತ್ತಾರೆ. ಅವರ ಬೆಳಕು ಕಾಣುವವರೆಗೂ ಕುಳಿತಿರಿ, ನಿಮ್ಮ ಫೋನನ್ನೂ ಒಮ್ಮೆ ಎತ್ತಿ ಬೀಸಿ.