ಮನೆಯವರ ಸಂಘಕ್ಕೆ ಅಧಿಕಾರ ಎಲ್ಲಿಂದ?

ಈ ಸಲ ಉತ್ತರಿಸುತ್ತಿರುವುದು ಕಾಸರಗೋಡು ಜಿಲ್ಲೆಯ ಓದುಗರ ಪ್ರಶ್ನೆಗಳಿಗೆ. ಎಲ್ಲವೂ ರೆಸಿಡೆಂಟ್ಸ್ ಅಸೋಸಿಯೇಷನ್ನಿಗೆ, ಅಂದರೆ ಬಡಾವಣೆ ಅಥವಾ ಫ್ಲ್ಯಾಟಿನ ನಿವಾಸಿಗಳ ಸಂಘಕ್ಕೆ ಸಂಬಂಧಿಸಿದವು.

ಪ್ರಶ್ನೆ: ವಿದ್ಯಾನಗರದ ಹತ್ತಿರ ನಮ್ಮದು 22 ಮನೆಗಳ ಬಡಾವಣೆ. ಸಂಘ ನೋಂದಾಯಿಸಬೇಕೆಂದಿದ್ದೇವೆ. ಬೆಂಗಳೂರಿನ ನೆಂಟರೊಬ್ಬರು ಅವರ ಸಂಘದ ಬೈಲಾ (ನಿಯಮಾವಳಿ) ಕಳಿಸಿದ್ದಾರೆ. ಹೆಸರು ಬದಲಿಸಿ ಅದನ್ನೇ ಕೊಡಬಹುದೇ?

ಉತ್ತರ: ಬೇಡ. ಅದು ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಗೆ ತಕ್ಕಂತೆ ಬರೆದದ್ದು, ನಿಮ್ಮಲ್ಲಿ ನಡೆಯದು. ಹಾಗೆಂದು ಎರ್ನಾಕುಳಂ ಕಡೆಯ ಮಾದರಿ ತಂದರೂ ತಪ್ಪುತ್ತದೆ. ಅಲ್ಲಿ ಇರುವುದು ತಿರುವಾಂಕೂರು-ಕೊಚ್ಚಿಯ 1955ರ ಕಾಯ್ದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡದ ತಾಲೂಕಾಗಿತ್ತಲ್ಲ, ಆ ಕಾರಣಕ್ಕೆ ಮಲಬಾರಿನ ಉಳಿದ ಭಾಗದಂತೆ ನಿಮಗೆ ಇಂದಿಗೂ ಅನ್ವಯಿಸುವುದು ಬ್ರಿಟಿಷರ ಕಾಲದ 1860ರ ಸಂಘಗಳ ನೋಂದಣಿ ಕಾಯ್ದೆ. ಬೈಲಾದ ಮೊದಲ ಸಾಲಿನಲ್ಲಿ ಕಾಯ್ದೆಯ ಹೆಸರು ತಪ್ಪಿದರೆ ಕಡತ ಅಲ್ಲಿಂದಲೇ ವಾಪಸು ಬರುತ್ತದೆ.

ಕನಿಷ್ಠ ಏಳು ಮಂದಿ ಸಹಿ ಹಾಕಬೇಕು. ಮೆಮೊರಾಂಡಮ್ಮಿನಲ್ಲಿ ಸಂಘದ ಹೆಸರು, ಉದ್ದೇಶಗಳು, ಆಡಳಿತ ಸಮಿತಿಯವರ ಹೆಸರು, ವಿಳಾಸ, ಉದ್ಯೋಗ ಇರಬೇಕು. ಅದರ ಜೊತೆಗೆ ಕೊಡುವ ನಿಯಮಾವಳಿಯ ಪ್ರತಿಯನ್ನು ಸಮಿತಿಯ ಮೂವರಾದರೂ ದೃಢೀಕರಿಸಬೇಕು. ಕೊಡಬೇಕಾದದ್ದು ಜಿಲ್ಲಾ ರಿಜಿಸ್ಟ್ರಾರ್ ಕಚೇರಿಗೆ.

ನೋಂದಣಿ ಕಷ್ಟದ್ದಲ್ಲ. ಕಷ್ಟ ಬರುವುದು ಬೈಲಾದಲ್ಲಿ ಬರೆಯದೇ ಬಿಟ್ಟ ಸಂಗತಿಗಳಿಂದ. ಸದಸ್ಯತ್ವ ಮನೆಗೋ ವ್ಯಕ್ತಿಗೋ? ಒಂದು ಮನೆಗೆ ಒಂದೇ ಮತ ಎಂದು ಬರೆಯಿರಿ, ಇಲ್ಲದಿದ್ದರೆ ಚುನಾವಣೆಯ ದಿನ ಐದು ಮಂದಿ ವಯಸ್ಕರಿರುವ ಮನೆಯೇ ಗೆಲ್ಲುತ್ತದೆ. ನಿಮ್ಮ ಕಡೆ ಯಜಮಾನರು ಗಲ್ಫಿನಲ್ಲಿದ್ದು ಬೀಗ ಹಾಕಿದ ಮನೆಗಳು ಬಹಳ. ಅವನ್ನೂ ಲೆಕ್ಕಕ್ಕೆ ಹಿಡಿದು ಅರ್ಧದಷ್ಟು ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಟ್ಟರೆ ಒಂದು ಸಭೆಯೂ ನಡೆಯುವುದಿಲ್ಲ. ಮೂರನೇ ಒಂದು ಭಾಗ ಸಾಕು. ಕೋರಂ ಆಗದಿದ್ದರೆ ಮುಂದೂಡಿದ ಸಭೆ ಎಷ್ಟು ಹೊತ್ತಿನ ಅಥವಾ ಎಷ್ಟು ದಿನದ ಮೇಲೆ, ಊರಲ್ಲಿಲ್ಲದವರು ಬರಹದಲ್ಲಿ ಬದಲಿ ಪ್ರತಿನಿಧಿ ಕೊಡಬಹುದೇ, ಬಾಡಿಗೆದಾರರಿಗೆ ಮತವಿದೆಯೇ, ಇವಿಷ್ಟಕ್ಕೂ ಒಂದೊಂದು ಸಾಲು ಬೇಕು. ಬ್ಯಾಂಕ್ ಖಾತೆಗೆ ಮೂವರ ಹೆಸರು, ಹಣ ತೆಗೆಯಲು ಇಬ್ಬರ ಸಹಿ. ಖಜಾಂಚಿಯ ಕೈಯಲ್ಲಿ ಎಷ್ಟು ನಗದು ಇರಬಹುದೆಂಬ ಮಿತಿ, 22 ಮನೆಗೆ ಐದು ಸಾವಿರ ಧಾರಾಳ. ಕೋರ್ಟಿನಲ್ಲಿ ಸಂಘದ ಪರವಾಗಿ ಅಧ್ಯಕ್ಷರು ನಿಲ್ಲುವುದೋ ಕಾರ್ಯದರ್ಶಿಯೋ, ಅದೂ ಇರಲಿ.

ಉದ್ದೇಶಗಳನ್ನು ಮೊದಲೇ ಅಗಲವಾಗಿ ಬರೆದುಕೊಳ್ಳಿ: ನೀರು, ಚರಂಡಿ, ಕಸ, ಬೀದಿದೀಪ, ಕಾವಲು, ವಾಚನಾಲಯ. ಮುಂದೆ ಬದಲಿಸಬೇಕೆಂದರೆ ಹತ್ತು ದಿನ ಮೊದಲು ಸದಸ್ಯರಿಗೆ ಲಿಖಿತ ವರದಿ ಕೊಟ್ಟು, ವಿಶೇಷ ಸಭೆಯಲ್ಲಿ ಐದರಲ್ಲಿ ಮೂರು ಪಾಲು ಮತ ಪಡೆದು, ತಿಂಗಳ ಅಂತರದ ಎರಡನೇ ಸಭೆಯಲ್ಲಿ ಅಷ್ಟೇ ಬಹುಮತದಿಂದ ಮತ್ತೆ ಒಪ್ಪಿಗೆ ಪಡೆಯಬೇಕು.

ನೋಂದಣಿಯಾದ ಮೇಲೆ ಹೆಚ್ಚಿನ ಸಂಘಗಳು ಎಡವುವುದು ಒಂದೇ ಕಡೆ. ವಾರ್ಷಿಕ ಮಹಾಸಭೆಯಾದ 14 ದಿನಗಳೊಳಗೆ ಹೊಸ ಸಮಿತಿಯ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಎರಡು ವರ್ಷ ಮರೆತಿರೋ, ಕಡತದ ಪ್ರಕಾರ ಹಳೆಯ ಸಮಿತಿಯೇ ಸಮಿತಿ. ಬ್ಯಾಂಕಿನವರು ಸಹಿ ಬದಲಿಸಲು ಒಪ್ಪುವುದಿಲ್ಲ, ಜಗಳವಾದರೆ ಹೊಸಬರಿಗೆ ನಿಲ್ಲಲು ನೆಲೆಯಿರುವುದಿಲ್ಲ.

ಪ್ರಶ್ನೆ: ಕುಂಬಳೆ ಬಳಿಯ ನಮ್ಮ ಬಡಾವಣೆಯಲ್ಲಿ ಎರಡು ಮನೆಯವರು ಸದಸ್ಯರಾಗಲು ಒಪ್ಪುವುದಿಲ್ಲ. ಅವರ ಕಸ ತೆಗೆಯಬೇಡಿ, ರಾತ್ರಿ ಗೇಟು ತೆರೆಯಬೇಡಿ ಎಂದು ಕೆಲವರ ಒತ್ತಾಯ. ಅಮೆರಿಕದಲ್ಲಿರುವ ನನ್ನ ಮಗ ಅಲ್ಲಿಯ ಸಂಘ ಹುಲ್ಲು ಉದ್ದವಾದರೂ ದಂಡ ಹಾಕುತ್ತದೆ ಎನ್ನುತ್ತಾನೆ. ನಮಗೇಕೆ ಆಗದು?

ಉತ್ತರ: ಅಮೆರಿಕದಲ್ಲಿ ಅಂಥ ಬಡಾವಣೆಯ ಮನೆ ಕೊಂಡರೆ ಸದಸ್ಯತ್ವ ತಾನಾಗಿ ಅಂಟಿಕೊಳ್ಳುತ್ತದೆ. ಆಸ್ತಿಯ ದಾಖಲೆಯೊಂದಿಗೇ ಷರತ್ತುಗಳು ನೋಂದಣಿಯಾಗಿರುತ್ತವೆ, ಬಾಕಿಗೆ ಮನೆಯ ಮೇಲೆ ಹಕ್ಕು ಬೀಳುತ್ತದೆ, ಹಲವು ರಾಜ್ಯಗಳಲ್ಲಿ ಮನೆ ಹರಾಜಿಗೂ ಬರಬಹುದು. ಬಿಡಿ ಮನೆಗಳ ನಿಮ್ಮ ಸಂಘ ಸ್ವಇಚ್ಛೆಯದು. ಸೇರದವರ ಮೇಲೆ ಅದಕ್ಕೆ ಅಧಿಕಾರವಿಲ್ಲ.

ಪಂಚಾಯತಿನ ರಸ್ತೆಗೆ ಹಾಕಿದ ಗೇಟು ನಿಮ್ಮದಾದರೂ ರಸ್ತೆ ನಿಮ್ಮದಲ್ಲ, ಅದನ್ನು ಮುಚ್ಚುವಂತಿಲ್ಲ. ಕಸ ಒಯ್ಯಲು ಮನೆಬಾಗಿಲಿಗೆ ಬರುವ ಹರಿತ ಕರ್ಮ ಸೇನೆಯವರು ಪಂಚಾಯತಿನ ವ್ಯವಸ್ಥೆ, ಅವರನ್ನು ತಡೆಯುವುದಕ್ಕೂ ಸಂಘಕ್ಕೆ ಹಕ್ಕಿಲ್ಲ. ನಿಮ್ಮ ಹಣದಿಂದ ನಡೆಯುವ ಕಾವಲು, ಓದುವ ಕೋಣೆ, ಓಣಂ ಊಟ ಇಂಥವುಗಳಿಂದ ಅವರನ್ನು ಹೊರಗಿಡಬಹುದು. ಹೊರಗಿಟ್ಟು ಗೆದ್ದ ಸಂಘ ಕಡಿಮೆ, ಅದು ಬೇರೆ ಮಾತು.

ಸದಸ್ಯರಾಗಿ ವಂತಿಗೆ ಕೊಡದವರ ವಿಷಯ ಬೇರೆ. ಬಾಕಿ ಮೂರು ತಿಂಗಳು ದಾಟಿದರೆ ಮತದ ಹಕ್ಕಿಲ್ಲ, ಸದಸ್ಯರ ಲೆಕ್ಕಕ್ಕೂ ಬರುವುದಿಲ್ಲ ಎಂದು 1860ರ ಕಾಯ್ದೆಯ 15ನೇ ಸೆಕ್ಷನ್ನೇ ಹೇಳುತ್ತದೆ. ಬಾಕಿಗೆ ದಾವೆಯನ್ನೂ ಹೂಡಬಹುದು. ಅದಕ್ಕೆ ರಸೀದಿ ಪುಸ್ತಕದ ಪಡಿಯಚ್ಚು ಬೇಕು, ಗೂಗಲ್ ಪೇಯ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ.

ಪ್ರಶ್ನೆ: ಕಾಞಂಗಾಡಿನ ಫ್ಲ್ಯಾಟಿನಲ್ಲಿ ನಮ್ಮದು ಗ್ರೌಂಡ್ ಫ್ಲೋರ್. ಲಿಫ್ಟ್ ಬಳಸುವುದೇ ಇಲ್ಲ. ಆದರೂ ಲಿಫ್ಟಿನ ಖರ್ಚು ಕೊಡಬೇಕೇ?

ಉತ್ತರ: ಕೊಡಬೇಕು. ನಿಮ್ಮ ಕಟ್ಟಡ 1983ರ ಕೇರಳ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಗೆ ಒಳಪಟ್ಟಿದ್ದರೆ, ಅಂದರೆ ಕಾಯ್ದೆಗೆ ಒಳಪಡುತ್ತೇವೆಂಬ ಒಡೆಯರ ಘೋಷಣಾ ಪತ್ರ (ಡಿಕ್ಲರೇಶನ್) ನೋಂದಣಿಯಾಗಿದ್ದರೆ, ಸಾಮೂಹಿಕ ಸೌಲಭ್ಯ ಬಳಸುವುದಿಲ್ಲವೆಂದು ಖರ್ಚಿನಿಂದ ತಪ್ಪಿಸಿಕೊಳ್ಳಲಾಗದು. ಮೇಲಿನವರೂ ನಿಮ್ಮ ಕಿಟಕಿ ಮುಂದಿನ ಹೂತೋಟಕ್ಕೆ ಹಣ ಕೊಡುತ್ತಿದ್ದಾರೆ!

ಆದರೆ ನೀವು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಎಷ್ಟು ಕೊಡಬೇಕು? ಆ ಕಾಯ್ದೆಯಲ್ಲಿ ಖರ್ಚು ಹಂಚುವುದು ಸಾಮೂಹಿಕ ಜಾಗ, ಸೌಲಭ್ಯಗಳಲ್ಲಿ ಪ್ರತಿ ಫ್ಲ್ಯಾಟಿಗಿರುವ ಅವಿಭಜಿತ ಪಾಲಿನ ಪ್ರಕಾರ. ತಿಂಗಳ ಖರ್ಚು 60,000 ಎಂದಿಟ್ಟುಕೊಳ್ಳಿ, ಫ್ಲ್ಯಾಟು 24. ಸಮನಾಗಿ ಹಂಚಿದರೆ ತಲಾ 2,500. ಪಾಲಿನ ಪ್ರಕಾರವಾದರೆ ಶೇ. 3.5 ಪಾಲಿನ ಚಿಕ್ಕ ಫ್ಲ್ಯಾಟಿಗೆ 2,100, ಶೇ. 5 ಪಾಲಿನ ದೊಡ್ಡದಕ್ಕೆ 3,000. ಲೆಕ್ಕ ಸುಲಭವೆಂದು ಎಲ್ಲರಿಗೂ ಸಮಾನ ಹಾಕಿ, ಚಿಕ್ಕ ಫ್ಲ್ಯಾಟಿನವರು ವರ್ಷಗಟ್ಟಲೆ ಹೆಚ್ಚು ತೆರುವುದು ಲಿಫ್ಟಿಗಿಂತ ದೊಡ್ಡ ಅನ್ಯಾಯ. ನಿಮ್ಮ ಪಾಲು ಎಷ್ಟೆಂದು ಡಿಕ್ಲರೇಶನ್ನಿನಲ್ಲಿ ನೋಡಿಕೊಳ್ಳಿ.

ಬಾಕಿ ಉಳಿದರೆ ಅದು ಫ್ಲ್ಯಾಟಿನ ಮೇಲೆಯೇ ಕೂರುತ್ತದೆ. ಹಳೆಯ ಫ್ಲ್ಯಾಟು ಕೊಳ್ಳುವವರು ಸಂಘದಿಂದ ಬಾಕಿಯಿಲ್ಲವೆಂಬ ಪತ್ರ ಪಡೆಯದೆ ಮುಂಗಡ ಕೊಡಬಾರದು. ಬಾಕಿದಾರರ ನೀರು, ಕರೆಂಟು ಕಡಿಯುವ ಚಾಳಿ ಮಾತ್ರ ಬೇಡ. ನೋಟಿಸು, ಬೈಲಾದಲ್ಲಿದ್ದರೆ ಬಡ್ಡಿ, ಆಮೇಲೆ ದಾವೆ, ದಾರಿ ಇದೇ.

ತೆರಿಗೆಯ ಬಗ್ಗೆಯೂ ಕೇಳಿದ್ದೀರಿ. ಸದಸ್ಯರೊಬ್ಬರ ವಂತಿಗೆ ತಿಂಗಳಿಗೆ 7,500 ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಸಂಘದ ವರ್ಷದ ವಹಿವಾಟು 20 ಲಕ್ಷದ ಒಳಗಿದ್ದರೆ ಜಿಎಸ್‌ಟಿ ನೋಂದಣಿಯೂ ಬೇಡ. ಠೇವಣಿಯ ಬಡ್ಡಿಗೆ ಮಾತ್ರ ಆದಾಯ ತೆರಿಗೆ ಉಂಟು. ಸದಸ್ಯರದೇ ಹಣ ಎಂಬ ವಾದವನ್ನು ಬೆಂಗಳೂರು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ತಳ್ಳಿಹಾಕಿದೆ.

ಪ್ರಶ್ನೆ: ಫ್ಲ್ಯಾಟಿಗೆ ಬಂದು ಮೂರು ವರ್ಷ. ತಾರಸಿ ಸೋರುತ್ತದೆ. ಸಂಘ ಇನ್ನೂ ಆಗಿಲ್ಲ, ಬಿಲ್ಡರ್ ಕಾಗದಪತ್ರ ಕೊಟ್ಟಿಲ್ಲ.

ಉತ್ತರ: 500 ಚದರ ಮೀಟರ್ ಮೀರಿದ ಜಾಗ ಮತ್ತು ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಯಾದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ನಿಮ್ಮ ಕಡೆಗಿದೆ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯಲ್ಲೋ ಕೆಲಸದಲ್ಲೋ ದೋಷ ಕಂಡು ತಿಳಿಸಿದರೆ, 30 ದಿನಗಳಲ್ಲಿ ಪುಕ್ಕಟೆಯಾಗಿ ಸರಿಪಡಿಸುವ ಹೊಣೆ ಬಿಲ್ಡರನದು. ನಿಮಗೆ ಉಳಿದಿರುವುದು ಎರಡು ವರ್ಷ, ಅಂದರೆ ಎರಡು ಮಳೆಗಾಲ. ಆಟಿಯಲ್ಲಿ ಸೋರುವಾಗಲೇ ದಿನಾಂಕ ಬೀಳುವಂತೆ ಫೋಟೋ ತೆಗೆದು, ಫ್ಲ್ಯಾಟಿನವರೆಲ್ಲ ಸಹಿ ಹಾಕಿ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ಬೇಸಿಗೆಯಲ್ಲಿ ಸುಣ್ಣ ಬಳಿದು 'ಸರಿಯಾಯಿತು' ಎನ್ನುವುದನ್ನು ಒಪ್ಪಬೇಡಿ. ಮೇಲೆ ನೀರು ಕಟ್ಟಿ ನಿಲ್ಲಿಸಿ ಎರಡು ದಿನ ಕೆಳಗಿನ ಚಾವಣಿ ನೋಡಿದರೆ ನಿಜ ತಿಳಿಯುತ್ತದೆ.

ಸಂಘ ರಚನೆಗೆ ಅನುವು ಮಾಡುವುದೂ ಅವರದೇ ಕರ್ತವ್ಯ. ಹಸ್ತಾಂತರದಲ್ಲಿ ಕೇಳಿ ಪಡೆಯಬೇಕಾದದ್ದು: ಮಂಜೂರಾದ ನಕ್ಷೆ, ಆಕ್ಯುಪೆನ್ಸಿ ಪತ್ರ, ನೀರು-ವಿದ್ಯುತ್ ಲೈನುಗಳ ನಕ್ಷೆ, ಲಿಫ್ಟಿನ ಲೈಸೆನ್ಸು, ಅಗ್ನಿಶಾಮಕ ದಳದ ಪತ್ರ, ಪಂಪು-ಜನರೇಟರಿನ ವಾರಂಟಿ, ನಿಮ್ಮಿಂದ ತೆಗೆದುಕೊಂಡ ಮೂಲನಿಧಿಯ ಲೆಕ್ಕ. ಕೊನೆಯದನ್ನೇ ಎಲ್ಲರೂ ಮರೆಯುವುದು.

ಪ್ರಶ್ನೆ: ಪಕ್ಕದವರು ನಮ್ಮ ಬಾವಿಯ ಹತ್ತಿರ ಶೌಚಗುಂಡಿ ತೋಡುತ್ತಿದ್ದಾರೆ. ಸಂಘ ತಡೆಯಬಹುದೇ? (ಬದಿಯಡ್ಕ)

ಉತ್ತರ: ಸಂಘಕ್ಕೆ ಆಗದು, ಪಂಚಾಯತು ಕಾರ್ಯದರ್ಶಿಗೆ ಆಗುತ್ತದೆ. ಕೇರಳದ ಕಟ್ಟಡ ನಿಯಮದಂತೆ ಬಳಕೆಯ ಬಾವಿಯಿಂದ 7.5 ಮೀಟರ್ ಒಳಗೆ ಸೆಪ್ಟಿಕ್ ಟ್ಯಾಂಕಾಗಲಿ ಇಂಗುಗುಂಡಿಯಾಗಲಿ ಕೂಡದು. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಹರಿಯುವುದರಿಂದ ಅಷ್ಟೇ ದೂರ ಸಾಲದಿರಲೂಬಹುದು. ಟೇಪು ಹಿಡಿದು ಅಳೆದು, ಕೈನಕ್ಷೆಯೊಂದಿಗೆ ಇಂದೇ ದೂರು ಕೊಡಿ. ಗುಂಡಿಗೆ ಕಾಂಕ್ರೀಟು ಬಿದ್ದ ಮೇಲೆ ಕೆಲಸ ಮೂರು ಪಟ್ಟು.

ಪ್ರಶ್ನೆ: ಮಿನಿಟ್ಸ್ ಪುಸ್ತಕವನ್ನು ಕನ್ನಡದಲ್ಲಿ ಬರೆಯಬಹುದೇ? (ಮಂಜೇಶ್ವರ)

ಉತ್ತರ: ಬರೆಯಬಹುದು. 1860ರ ಕಾಯ್ದೆ ಭಾಷೆಯ ಮಾತೇ ಎತ್ತುವುದಿಲ್ಲ. ಮಲಯಾಳದವರೂ ಇರುವ ಸಂಘವಾದರೆ ನೋಟಿಸು ಎರಡು ಭಾಷೆಗಳಲ್ಲಿ ಹೋಗಲಿ, ಇಲ್ಲವಾದರೆ 'ನನಗೆ ತಿಳಿಯಲಿಲ್ಲ' ಎಂಬ ತಕರಾರಿಗೆ ನೀವೇ ಎಡೆ ಮಾಡಿಕೊಟ್ಟಂತೆ. ಬೈಲಾ ಎರಡು ಭಾಷೆಯಲ್ಲಿದ್ದರೆ, ವ್ಯತ್ಯಾಸ ಬಂದಾಗ ಯಾವ ಪಾಠ ಊರ್ಜಿತವೆಂದು ಅದರಲ್ಲೇ ಬರೆದಿಡಿ.